ಲೂಮೋ, ಕ್ರೋಶಾ ಕಡ್ಡಿಯೋ: ಉಲ್ಲನ್ ಟೋಪಿಗೂ ಹೂವಿಗೂ ಕೈಹಾಕುವ ಮೊದಲು

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲಿನ ದಿನಗಳು ಹತ್ತಿರವಾದವೆಂದರೆ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಪರಿಚಿತರಿಂದ ನನಗೆ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ಬೆಳಗಿನ ಇಬ್ಬನಿಗೆ ಮೊಮ್ಮಕ್ಕಳಿಗೊಂದು ಬಣ್ಣದ ಟೋಪಿ ಹೆಣೆಯಬೇಕು, ಅದರ ಮೇಲೊಂದು ಹೂವು ಕೂರಿಸಬೇಕು. ಇದಕ್ಕೆ ಗೂಟಗಳಿರುವ ಪ್ಲಾಸ್ಟಿಕ್ಕಿನ ಲೂಮ್ ತರಿಸುವುದು ಒಳ್ಳೆಯದೋ, ಕೊಕ್ಕೆಯ ಕಡ್ಡಿಯಲ್ಲಿ ಹೆಣೆಯುವ ಕ್ರೋಶಾ ಕಲಿಯುವುದು ಒಳ್ಳೆಯದೋ ಎಂಬುದು ಆ ಪ್ರಶ್ನೆ. ಘಟ್ಟದ ಕೆಳಗೆ, ಕರಾವಳಿಯ ಕಾರವಾರ, ಅಂಕೋಲಾ, ಕುಮಟಾದ ಕಡೆಯವರು ಕೇಳುವುದು ತುಸು ಬೇರೆ. ಅವರಿಗೆ ಚೌತಿಯ ಮಂಟಪಕ್ಕೆ ತೋರಣ ಬೇಕು, ಮಕ್ಕಳ ಜಡೆಗೆ ಹೂವು ಬೇಕು, ಕೂಡಿಬಂದರೆ ನಾಲ್ಕು ಕಾಸು ಸಂಪಾದಿಸುವ ಆಸೆಯೂ ಇದೆ. ಇಬ್ಬರಿಗೂ ಒಂದೇ ಉತ್ತರ ಕೊಡುತ್ತಿದ್ದ ಕಾಲವೊಂದಿತ್ತು. ಕಾರವಾರದ ತಂಗಿಯ ಮನೆಯ ಕಪಾಟಿನಲ್ಲಿ, ನಾನೇ ಪ್ರೀತಿಯಿಂದ ಹೆಣೆದುಕೊಟ್ಟ ನಾಲ್ಕು ದಪ್ಪ ಟೋಪಿಗಳು ಮಡಿಕೆಯೂ ಬಿಚ್ಚದೆ ಕುಳಿತಿದ್ದುದನ್ನು ಕಂಡ ಮೇಲೆ ಆ ಅಭ್ಯಾಸ ಬಿಟ್ಟೆ.

ಆದ್ದರಿಂದ ಸಲಕರಣೆಯ ಮಾತಿಗೆ ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಳ್ಳೋಣ. ಟೋಪಿಯನ್ನು ತೊಡುವವರು ಘಟ್ಟದ ಮೇಲಿನವರೋ ಕೆಳಗಿನವರೋ ಎಂಬುದು ಮೊದಲನೆಯದು; ದಾರದ ಜಾತಿಯನ್ನೂ ದಪ್ಪವನ್ನೂ ಅದೇ ನಿರ್ಧರಿಸುತ್ತದೆ, ದಾರದ ದಪ್ಪ ಸಲಕರಣೆಯನ್ನು ನಿರ್ಧರಿಸುತ್ತದೆ. ಹೆಣೆಯುವವರ ಕೈ ಮತ್ತು ವ್ಯವಧಾನ ಎರಡನೆಯದು: ಈ ವಾರವೇ ಟೋಪಿ ತಯಾರಾಗಬೇಕೋ, ತಿಂಗಳೊಪ್ಪತ್ತು ಕಲಿಯುವ ತಾಳ್ಮೆ ಇದೆಯೋ? ಮೂರನೆಯದು ಆಕಾರದ ಸ್ವಾತಂತ್ರ್ಯ, ಅಂದರೆ ಒಂದೇ ಸಲಕರಣೆಯಿಂದ ಎಷ್ಟು ಬಗೆಯ ವಸ್ತು ಹುಟ್ಟಬೇಕು ಎಂಬುದು. ಖರ್ಚನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಈ ಕೆಲಸದಲ್ಲಿ ಹಣ ಹೋಗುವುದು ಸಲಕರಣೆಗಿಂತ ಹೆಚ್ಚಾಗಿ ದಾರಕ್ಕೆ.

ಲೂಮ್ ಎಂದೊಡನೆ ಕೈಮಗ್ಗವನ್ನು ಕಲ್ಪಿಸಿಕೊಳ್ಳುವವರಿದ್ದಾರೆ, ಇದು ಅದಲ್ಲ. ಟೋಪಿಯ ಲೂಮ್ ಎಂದರೆ ಅಂಚಿನ ಸುತ್ತ ಗೂಟಗಳಿರುವ ಒಂದು ಬಳೆ. ಪ್ರತಿ ಗೂಟಕ್ಕೂ ದಾರವನ್ನು ಒಂದು ಸುತ್ತು ಸುತ್ತಬೇಕು, ಅದರ ಮೇಲೆ ಇನ್ನೊಂದು ಸುತ್ತು ಹಾಕಬೇಕು, ಆಮೇಲೆ ಕೆಳಗಿನ ಸುತ್ತನ್ನು ಕೊಕ್ಕೆಯಿಂದ ಎತ್ತಿ ಮೇಲಿನದನ್ನು ದಾಟಿಸಿ ಬಳೆಯ ಒಳಮಗ್ಗುಲಿಗೆ ಬೀಳಿಸಬೇಕು. ಇಷ್ಟೇ ವಿದ್ಯೆ. ಹೀಗೆ ಸುತ್ತುತ್ತಾ ಹೋದಂತೆ ಬಳೆಯ ನಡುವಿನಿಂದ ಕೊಳವೆಯಾಕಾರದ ಹೆಣಿಗೆ ಇಳಿಯುತ್ತದೆ. ಸಾಕಷ್ಟು ಉದ್ದವಾದ ಮೇಲೆ ಎಲ್ಲ ಕುಣಿಕೆಗಳ ಮೂಲಕ ದಬ್ಬಣದಿಂದ ದಾರ ಪೋಣಿಸಿ, ಎಲೆಯಡಿಕೆ ಸಂಚಿಯ ಬಾಯಿ ಬಿಗಿದಂತೆ ಬಿಗಿದರೆ ಟೋಪಿಯ ನೆತ್ತಿ ಮುಚ್ಚಿಕೊಳ್ಳುತ್ತದೆ. ನೆತ್ತಿಯಲ್ಲಿ ದಾರ ಗುಂಪಾಗಿ ಉಬ್ಬುವುದುಂಟು. ಲೂಮಿನ ಟೋಪಿಗಳ ತುದಿಯಲ್ಲಿ ಕುಚ್ಚಿನ ಉಂಡೆಯನ್ನೋ ಹೂವನ್ನೋ ಕೂರಿಸುವುದಕ್ಕೆ ಚೆಂದದಷ್ಟೇ ಮುಖ್ಯವಾದ ಕಾರಣ ಇದು.

ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕು ಬಳೆಗಳ ಜೊತೆ. ಸುಮಾರು 14 ಸೆಂ.ಮೀ. ಅಗಲದ 24 ಗೂಟಗಳದ್ದು ಕೂಸುಗಳಿಗೆ, 19 ಸೆಂ.ಮೀ. ಅಗಲದ 31 ಗೂಟಗಳದ್ದು ಮಕ್ಕಳಿಗೆ, 24 ಸೆಂ.ಮೀ. ಅಗಲದ 36 ಗೂಟಗಳದ್ದು ದೊಡ್ಡವರಿಗೆ, 29 ಸೆಂ.ಮೀ. ಅಗಲದ 41 ಗೂಟಗಳದ್ದು ದೊಡ್ಡ ತಲೆಗೆ ಅಥವಾ ಸಡಿಲ ಟೋಪಿಗೆ. ತಯಾರಕರಿಂದ ತಯಾರಕರಿಗೆ ಅಳತೆ ಸ್ವಲ್ಪ ಬದಲಾಗುತ್ತದೆ. ಬಳೆಯ ಸುತ್ತಳತೆ ತಲೆಯ ಸುತ್ತಳತೆಗಿಂತ ಹೆಚ್ಚು ಕಂಡರೆ ಗಾಬರಿಯಾಗಬೇಕಿಲ್ಲ. ಗೂಟದಿಂದ ಬಿಡಿಸಿದ ಹೆಣಿಗೆ ತನ್ನಷ್ಟಕ್ಕೆ ಕುಗ್ಗುತ್ತದೆ ಮತ್ತು ತೊಟ್ಟಾಗ ಹಿಗ್ಗುತ್ತದೆ. ಈ ಹಿಗ್ಗುವ ಗುಣವೇ ಲೂಮಿನ ಟೋಪಿಯ ದೊಡ್ಡ ಬಲ. ಅಳತೆ ಒಂದೆರಡು ಸೆಂಟಿಮೀಟರ್ ಆಚೀಚೆಯಾದರೂ ತಲೆಗೆ ಒಪ್ಪಿಕೊಳ್ಳುತ್ತದೆ, ಬೆಳೆಯುವ ಮಗುವಿಗೆ ಎರಡು ಚಳಿಗಾಲ ಬಾಳುತ್ತದೆ.

ಅದರ ದೊಡ್ಡ ಮಿತಿಯೂ ಗೂಟಗಳಲ್ಲೇ ಇದೆ. ಈ ಬಳೆಗಳಲ್ಲಿ ಗೂಟದಿಂದ ಗೂಟಕ್ಕೆ ಅಂತರ ಹೆಚ್ಚು. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಧಾರಣ ನಾಲ್ಕೆಳೆಯ ದಾರವನ್ನು ಒಂಟಿಯಾಗಿ ಸುತ್ತಿದರೆ ಟೋಪಿಯ ಬದಲು ಮೀನಿನ ಬಲೆ ತಯಾರಾಗುತ್ತದೆ. ನನ್ನ ಮೊದಲ ಟೋಪಿ ಹಾಗೆಯೇ ಆಗಿತ್ತು. ಕಿವಿ ಮುಚ್ಚಲೆಂದು ಹೆಣೆದ ಟೋಪಿಯ ಸಂದಿಯಿಂದ ಮಗುವಿನ ಕಿವಿಯ ತುದಿ ಹೊರಗೆ ಇಣುಕುತ್ತಿತ್ತು. ದಪ್ಪ ದಾರವನ್ನೇ ಕೊಳ್ಳಬೇಕು, ಇಲ್ಲವೇ ಎರಡು ಉಂಡೆಗಳ ದಾರವನ್ನು ಜೋಡಿಸಿ ಒಟ್ಟಿಗೆ ಸುತ್ತಬೇಕು. ಜೋಡಿಸುವಾಗ ಎರಡು ಬೇರೆ ಬಣ್ಣ ಹಿಡಿದರೆ ಕಂಬಳಿಯಂತೆ ಬೆರೆತ ಮೈಬಣ್ಣ ಬರುತ್ತದೆ, ಅದು ನನಗೆ ಒಂಟಿ ಬಣ್ಣಕ್ಕಿಂತ ಹೆಚ್ಚು ಇಷ್ಟ. ಪಟ್ಟೆಗಳೂ ಲೂಮಿನಲ್ಲಿ ಸುಲಭ: ಸುತ್ತು ಮುಗಿದಲ್ಲಿ ದಾರ ಬದಲಿಸಿದರಾಯಿತು.

ಕ್ರೋಶಾದ್ದು ಬೇರೆಯೇ ಲೆಕ್ಕ. ಸಲಕರಣೆ ಒಂದೇ ಒಂದು ಕೊಕ್ಕೆಯ ಕಡ್ಡಿ. ಕಡ್ಡಿಯ ಮೇಲೆ ಯಾವಾಗಲೂ ಇರುವುದು ಒಂದೇ ಜೀವಂತ ಕುಣಿಕೆ. ಇದರ ಲಾಭ ಅರ್ಥವಾಗುವುದು ಕೆಲಸ ಕೈತಪ್ಪಿ ಬಿದ್ದಾಗ. ಲೂಮಿನಲ್ಲಿ ಗೂಟದಿಂದ ಕುಣಿಕೆಯೊಂದು ಜಾರಿದರೆ ಅದು ಏಣಿಯಂತೆ ಕೆಳಗಿನವರೆಗೂ ಬಿಚ್ಚಿಕೊಳ್ಳಬಹುದು. ಕ್ರೋಶಾದಲ್ಲಿ ಬಿಚ್ಚುವುದು ಕೊನೆಯ ಕುಣಿಕೆಯಿಂದ ಮಾತ್ರ. ತಪ್ಪು ಕಂಡಲ್ಲಿಯವರೆಗೆ ಎಳೆದು ಮತ್ತೆ ಮುಂದುವರಿಸಬಹುದು. ನಾಲ್ಕೆಳೆಯ ಅಕ್ರಿಲಿಕ್ ದಾರಕ್ಕೆ 4ರಿಂದ 5 ಮಿ.ಮೀ. ಕಡ್ಡಿ, ತೆಳು ಹತ್ತಿದಾರಕ್ಕೆ 2.5ರಿಂದ 3.5 ಮಿ.ಮೀ. ಕಡ್ಡಿ ಹಿಡಿದರೆ ಟೋಪಿಗೂ ಹೂವಿಗೂ ಸಾಕು.

ಕಲಿಕೆ ಮಾತ್ರ ನಿಧಾನ. ಸರಪಳಿ ಹಾಕುವುದು, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತಾ ಹೋಗುವುದು, ಅರ್ಧ ಗಂಟೆಯಲ್ಲಿ ಬರುತ್ತದೆ. ದಾರವನ್ನು ಎಡಗೈಯ ಬೆರಳುಗಳಲ್ಲಿ ಒಂದೇ ಬಿಗಿಯಲ್ಲಿ ಹಿಡಿಯುವುದು ಬರಲು ವಾರಗಳೇ ಬೇಕು. ಟೋಪಿಯನ್ನು ಸಾಮಾನ್ಯವಾಗಿ ನೆತ್ತಿಯಿಂದ ಕೆಳಕ್ಕೆ ಹೆಣೆಯುವುದರಿಂದ ಎಣಿಕೆಯೂ ಬೇಕು. ಗಿಡ್ಡ ಕುಣಿಕೆಯ ಹೆಣಿಗೆಯಲ್ಲಿ (ಅಮೆರಿಕದವರ ಸಿಂಗಲ್ ಕ್ರೋಶೆ) ನಡುವಿನ ಉಂಗುರಕ್ಕೆ 6 ಕುಣಿಕೆ ಹಾಕಿ, ಮುಂದಿನ ಪ್ರತಿ ಸುತ್ತಿಗೂ 6ರಂತೆ ಏರಿಸುತ್ತಾ 12, 18, 24 ಎಂದು ಹೋದರೆ ತಟ್ಟೆಯಂತೆ ಚಪ್ಪಟೆಯಾಗಿ ಬೆಳೆಯುತ್ತದೆ. ಏರಿಸುವುದು ಹೆಚ್ಚಾದರೆ ಅಂಚು ಹಪ್ಪಳದಂತೆ ಸುಕ್ಕೇಳುತ್ತದೆ, ಕಡಿಮೆಯಾದರೆ ಬೇಗನೆ ಬಟ್ಟಲಾಗಿಬಿಡುತ್ತದೆ. ತಟ್ಟೆ ಎಷ್ಟು ಅಗಲವಾದಾಗ ಏರಿಸುವುದನ್ನು ನಿಲ್ಲಿಸಬೇಕು ಎಂಬುದಕ್ಕೆ ಶಾಲೆಯ ಲೆಕ್ಕವೇ ಸಾಕು: ತಲೆಯ ಸುತ್ತಳತೆಯಿಂದ ನಾಲ್ಕು ಸೆಂಟಿಮೀಟರ್ ಕಳೆದು 3.14ರಿಂದ ಭಾಗಿಸಬೇಕು. 55 ಸೆಂ.ಮೀ. ತಲೆಗೆ ತಟ್ಟೆ 16 ಸೆಂ.ಮೀ. ಅಗಲವಾಗಬೇಕು, ಅಲ್ಲಿಂದ ಮುಂದೆ ಏರಿಸದೆ ನೇರವಾಗಿ ಇಳಿಸುತ್ತಾ ಹೋಗಬೇಕು.

ವಿಡಿಯೊ ನೋಡಿ ಕಲಿಯುವವರಿಗೆ ಒಂದು ಎಚ್ಚರಿಕೆ. ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುವ ಕುಣಿಕೆಯನ್ನು ಬ್ರಿಟಿಷರು ಡಬಲ್ ಕ್ರೋಶೆ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್. ಒಂದರ ಬದಲು ಇನ್ನೊಂದನ್ನು ಹೆಣೆದರೆ ಕೂಸಿನ ಟೋಪಿ ಅಜ್ಜನ ತಲೆಗೆ ಹೊಂದುತ್ತದೆ. ಎಡಗೈಯವರು ಕ್ರೋಶಾವನ್ನು ಕನ್ನಡಿಯಲ್ಲಿ ಕಂಡಂತೆ ಎಲ್ಲವನ್ನೂ ತಿರುವಿ ಕಲಿಯಬೇಕು. ಲೂಮಿನಲ್ಲಿ ಅವರಿಗೆ ಈ ತೊಡಕಿಲ್ಲ, ಯಾವ ದಿಕ್ಕಿನಲ್ಲಿ ಸುತ್ತಿದರೂ ನಡೆಯುತ್ತದೆ.

ಇನ್ನು ಘಟ್ಟದ ಮಾತು. ಶಿರಸಿಯಲ್ಲಿ ಧನುರ್ಮಾಸದ ಬೆಳಗು ನಿಜವಾಗಿಯೂ ಚಳಿ. ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯಲು ಇಬ್ಬನಿಯಲ್ಲೇ ತೋಟಕ್ಕಿಳಿಯುವ ಕೊನೆಗೌಡನಿಗೂ, ಅಂಗಳದಲ್ಲಿ ಅಡಿಕೆ ಸುಲಿಯಲು ಕೂರುವವರಿಗೂ ಕಿವಿ ಮುಚ್ಚುವ ದಪ್ಪ ಟೋಪಿ ಉಪಯೋಗದ ವಸ್ತು. ಇಂಥ ಟೋಪಿಗೆ ಕ್ರೋಶಾ ಲೂಮನ್ನು ಮೀರಿಸುವುದಿಲ್ಲ. ಮೊದಲ ಇಪ್ಪತ್ತು ಸುತ್ತಿನ ಹೆಣಿಗೆಯನ್ನು ಮಡಿಸಿ ಮತ್ತೆ ಗೂಟಗಳಿಗೇರಿಸಿದರೆ ಕಿವಿಯ ಬಳಿ ಎರಡು ಪದರವಾಗುತ್ತದೆ, ಅದೇ ಬಟ್ಟೆ ಕ್ರೋಶಾದಲ್ಲಿ ಹಲಗೆಯಂತೆ ಬಿರುಸಾಗುತ್ತದೆ. ಜೋಡಿ ದಾರದಿಂದ ಹೆಣೆದ ದೊಡ್ಡವರ ಟೋಪಿಗೆ ನನಗೆ 80ರಿಂದ 100 ಗ್ರಾಂ ದಾರ ಹಿಡಿಯುತ್ತದೆ. ಕಲಿತ ಕೈಗೆ ಎರಡು ಮೂರು ಗಂಟೆಯ ಕೆಲಸ, ಮೊದಲ ಸಲದವರಿಗೆ ಎರಡು ಸಂಜೆ.

ಕಾರವಾರದಲ್ಲಿ ಇದೇ ಟೋಪಿ ಶಿಕ್ಷೆ. ಅಕ್ರಿಲಿಕ್ ಬೆವರು ಹೀರುವುದಿಲ್ಲ, ಕಡಲ ತಡಿಯ ಸೆಕೆಯಲ್ಲಿ ಹಣೆಯ ಸುತ್ತ ಪಿಚಪಿಚ ಎನ್ನುತ್ತದೆ. ಅಲ್ಲಿ ಬೇಕಾದದ್ದು ಬಿಸಿಲಿಗೆ ಅಡ್ಡವಾಗುವ, ಗಾಳಿಯಾಡುವ, ಹತ್ತಿದಾರದ ಅಗಲಂಚಿನ ಟೋಪಿ. ಹತ್ತಿದಾರ ತೆಳುವಾದದ್ದು, ಹಿಗ್ಗದು. ಅಗಲ ಗೂಟಗಳ ಲೂಮಿನಲ್ಲಿ ಅದು ನಿಲ್ಲುವುದಿಲ್ಲ. ಟೋಪಿಗೆ ಬಿಸಿಲು ತಡೆಯುವ ಅಂಚನ್ನು ಬಿಡಿಸುವುದೂ ಗೂಟಗಳ ಎಣಿಕೆ ಹೆಚ್ಚಿಸಲಾಗದ ಲೂಮಿನಿಂದ ಕಷ್ಟದ ಮಾತು, ಕ್ರೋಶಾಕ್ಕೆ ಮತ್ತೆ ಏರಿಸುತ್ತಾ ಹೋಗುವ ಅದೇ ಲೆಕ್ಕ. ಹೀಗಾಗಿ ಘಟ್ಟದ ಕೆಳಗೆ ಟೋಪಿಗಾಗಿ ಲೂಮ್ ಕೊಳ್ಳಬೇಡಿರೆಂದೇ ನಾನು ಹೇಳುತ್ತೇನೆ. ಹತ್ತಿಯಲ್ಲೂ ತೊಂದರೆ ಇಲ್ಲದಿಲ್ಲ: ಒದ್ದೆಯಾದರೆ ಭಾರ, ಒಣಗುವುದು ನಿಧಾನ, ಆಷಾಢದಲ್ಲಿ ಕಪಾಟಿನೊಳಗೆ ಬೂಷ್ಟು ಹಿಡಿಯುತ್ತದೆ. ಮಳೆಗಾಲಕ್ಕೆ ಮುನ್ನ ಬಿಸಿಲಿಗೆ ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ನಿಜವಾದ ಉಣ್ಣೆಯ ಬಗ್ಗೆ ಒಂದೇ ಮಾತು ಸಾಕು. ಅದು ಬೆಚ್ಚಗೆ, ಬಹಳ ಚೆಂದ. ಆದರೆ ಬಿಸಿನೀರಿನಲ್ಲಿ ತಿಕ್ಕಿ ತೊಳೆದರೆ ಕುಗ್ಗಿ ಗಟ್ಟಿಯಾಗುತ್ತದೆ, ನುಸಿಯೂ ಬರುತ್ತದೆ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್ ಆಗಿರುತ್ತದೆ, ದಿನಬಳಕೆಗೆ ಅದೇ ಅನುಕೂಲ. ಅಕ್ರಿಲಿಕ್ಕಿಗೆ ಇಸ್ತ್ರಿ ಮಾತ್ರ ತಾಗಿಸಬಾರದು. ಶಾಖಕ್ಕೆ ಮೆತ್ತಗಾಗಿ ಜೋತುಬಿದ್ದದ್ದು ಮತ್ತೆ ಪುಟಿಯುವುದಿಲ್ಲ.

ಟೋಪಿಯ ಲೆಕ್ಕ ಹೀಗೆ ಚೊಕ್ಕವಾಗಿ ಎರಡಾದರೂ ಹೂವಿಗೆ ಬಂದರೆ ಆಯ್ಕೆ ಹೂವಿನ ಜಾತಿಯನ್ನೇ ಅವಲಂಬಿಸುತ್ತದೆ. ಹೂವಿಗೆಂದೇ ಪುಟ್ಟ ಲೂಮ್ ಉಂಟು: ಅಂಗೈಯಗಲದ ಗುಂಡು ಅಥವಾ ಚೌಕ ಬಿಲ್ಲೆ, ಅಂಚಿನಲ್ಲಿ ಹನ್ನೆರಡೋ ಹೆಚ್ಚೋ ಗೂಟಗಳು. ದಾರವನ್ನು ಒಂದು ಗೂಟದಿಂದ ಎದುರಿನ ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತುತ್ತಾ ಬಂದು, ಕೊನೆಗೆ ನಡುವನ್ನು ಬೇರೆ ಬಣ್ಣದ ದಾರದಿಂದ ಎಸಳೆಸಳಿನ ನಡುವೆ ಹೊಲಿದು ಗೂಟಗಳಿಂದ ಬಿಡಿಸಿದರೆ ಹೂವು ಕೈಗೆ ಬರುತ್ತದೆ. 7 ಸೆಂ.ಮೀ. ಅಗಲದ, ಹನ್ನೆರಡು ಗೂಟದ ಹೂವಿಗೆ ಪ್ರತಿ ಎಸಳಿಗೆ ಮೂರು ಸುತ್ತಿನಂತೆ ಸುಮಾರು ಎರಡೂವರೆ ಮೀಟರ್ ದಾರ ಸಾಕು. ನಡುವಿನ ಹೊಲಿಗೆಗೆ ಇನ್ನೊಂದಿಷ್ಟು. ಟೋಪಿ ಹೆಣೆದುಳಿದ ತುಂಡುದಾರಗಳಿಗೆ ಇದಕ್ಕಿಂತ ಒಳ್ಳೆಯ ಗತಿ ನನಗೆ ಗೊತ್ತಿಲ್ಲ. ಎಂಟು ಹತ್ತು ವರ್ಷದ ಮಕ್ಕಳೂ ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ.

ಈ ಸುತ್ತುವಿಕೆಗೆ ಒಗ್ಗುವುದು ಕಿರಿದಾದ ನೀಳ ಎಸಳುಗಳು ನಡುವಿನಿಂದ ಕಿರಣದಂತೆ ಹೊರಡುವ ಹೂವುಗಳು ಮಾತ್ರ. ಸೇವಂತಿಗೆ ಅಚ್ಚುಕಟ್ಟಾಗಿ ಬರುತ್ತದೆ. ದೊಡ್ಡ ಬಿಲ್ಲೆಯಲ್ಲೊಂದು, ಚಿಕ್ಕದರಲ್ಲೊಂದು ಮಾಡಿ ಒಂದರ ಮೇಲೊಂದಿಟ್ಟು ಹೊಲಿದರೆ ನಮ್ಮ ಮನೆಯಂಗಳದ ಡೇರೆ ಹೂವಿನ (ಡೇಲಿಯಾ) ಹತ್ತಿರ ಹೋಗುತ್ತದೆ, ಡೇರೆಯೇ ಆಗುವುದಿಲ್ಲ. ಡೇರೆಯ ಎಸಳು ಬುಡದಲ್ಲಿ ಒಳಕ್ಕೆ ಸುರುಳಿಯಾಗಿ ದೋಣಿಯಂತಿರುತ್ತದೆ. ಲೂಮಿನ ಎಸಳು ಬರೀ ಕುಣಿಕೆ, ಅದಕ್ಕೆ ಮೈಯಿಲ್ಲ. ಕ್ರೋಶಾದಲ್ಲಿ ಎಸಳನ್ನು ಒಂದೊಂದಾಗಿ, ಸಾಲಿನ ಹಿಂದೆ ಸಾಲಾಗಿ ಹೆಣೆದರೆ ಆ ದೋಣಿಯೂ ಬರುತ್ತದೆ, ಹೊರಸಾಲಿಗೆ ಗಾಢ ಕೆಂಪು, ಒಳಸಾಲಿಗೆ ತಿಳಿ ಗುಲಾಬಿ ಎಂದು ಬಣ್ಣ ಇಳಿಸುವುದಕ್ಕೂ ಬರುತ್ತದೆ. ಒಂದು ಡೇರೆಗೆ ಇಡೀ ಸಂಜೆ ಹೋಗುತ್ತದೆ, ಅಷ್ಟರಲ್ಲಿ ಲೂಮಿನವರು ಒಂದು ಮೊಳ ತೋರಣ ಮುಗಿಸಿರುತ್ತಾರೆ.

ಗುಲಾಬಿ, ದಾಸವಾಳಗಳಿಗೆ ಕ್ರೋಶಾ ಬಿಟ್ಟು ದಾರಿಯಿಲ್ಲ. ಗುಲಾಬಿಗೆ ಉದ್ದನೆಯ ಸರಪಳಿಯ ಮೇಲೆ ಚಿಪ್ಪಿನಾಕಾರದ ಎಸಳುಗಳ ಸಾಲು ಹೆಣೆದು ಚಾಪೆ ಸುತ್ತಿದಂತೆ ಸುತ್ತಿ ಬುಡವನ್ನು ಹೊಲಿಯುವುದು ಸುಲಭದ ಕ್ರಮ. ಎಸಳುಗಳನ್ನು ಪದರಪದರವಾಗಿ ಒಂದರ ಹಿಂದೊಂದು ಏರಿಸುವುದು ಹಳೆಯ ಕ್ರಮ. 1840ರ ದಶಕದ ಆಲೂಗಡ್ಡೆ ಕ್ಷಾಮದ ಕಾಲದಲ್ಲಿ ಐರ್ಲೆಂಡಿನ ಹೆಂಗಸರಿಗೆ ಜೀವನೋಪಾಯವಾದ ಕ್ರೋಶಾ ಲೇಸಿನಲ್ಲಿ ಇಂಥ ಉಬ್ಬುಗುಲಾಬಿಗಳು ಪ್ರಸಿದ್ಧವಾದವು. ದಾಸವಾಳದ ಐದು ಅಗಲ ಎಸಳುಗಳ ನಡುವಿನಿಂದ ಕೇಸರದ ಕಡ್ಡಿಯನ್ನು ಸರಪಳಿಯಾಗಿ ಎಳೆದು ತುದಿಗೆ ಹಳದಿ ಗಂಟು ಹಾಕಿದಾಗ ಬರುವ ಸಂತೋಷವನ್ನು ಯಾವ ಲೂಮೂ ಕೊಡಲಾರದು. ಮಲ್ಲಿಗೆ, ಅಬ್ಬಲಿಗೆ (ಕನಕಾಂಬರ) ಹೂಗಳ ದಂಡೆಯನ್ನು ದಾರದಲ್ಲಿ ಮಾಡಲು ಎರಡರಿಂದಲೂ ಪ್ರಯತ್ನಿಸಿ ಬಿಟ್ಟಿದ್ದೇನೆ. ಅಷ್ಟು ತೆಳು ಎಸಳಿಗೆ ಉಲ್ಲನ್ ಒರಟು.

ಖರ್ಚಿನ ವಿಷಯದಲ್ಲಿ ಕ್ರೋಶಾಕ್ಕೆ ಎದುರಾಳಿಯಿಲ್ಲ. ಒಳ್ಳೆಯ ಅಲ್ಯುಮಿನಿಯಂ ಕಡ್ಡಿಯೊಂದು ನೂರು ರೂಪಾಯಿಯೊಳಗೆ ಬರುತ್ತದೆ, ನಮ್ಮ ದೇಶದ್ದೇ ಆದ ಪೋನಿ ಬ್ರಾಂಡಿನ ಕಡ್ಡಿಗಳು ಬಳೆ ಅಂಗಡಿಗಳಲ್ಲೂ ಕಾಣಸಿಗುತ್ತವೆ. ನಾಲ್ಕು ಬಳೆಗಳ ಲೂಮಿಗೆ ಅದರ ಹಲವು ಪಟ್ಟು ಕೊಡಬೇಕು, ಸಾಮಾನ್ಯವಾಗಿ ಅಂಚೆಯಲ್ಲೋ ಕೊರಿಯರಿನಲ್ಲೋ ತರಿಸಬೇಕು. ಕಡ್ಡಿಗೆ ಉಳಿಸಿದ್ದು ದಾರದಲ್ಲಿ ಹೋಗುತ್ತದೆಯೇ ಎಂದು ಕೇಳುವವರಿಗೆ: ಒಂದೇ ದಾರದಲ್ಲಿ ಒಂದೇ ಅಗಲದ ಬಟ್ಟೆ ಹೆಣೆದರೆ ಕ್ರೋಶಾ ಹೆಚ್ಚು ದಾರ ನುಂಗುವುದು ನಿಜ, ಆದರೆ ಲೂಮಿಗೆ ಜೋಡಿ ದಾರ ಹಿಡಿಯಬೇಕಾದ್ದರಿಂದ ಆ ಉಳಿತಾಯ ಅಲ್ಲಿಗಲ್ಲಿಗೆ ಸರಿಯಾಗುತ್ತದೆ.

ಕೈಯಲ್ಲಿ ಮಾಡಿಕೊಂಡ ಲೂಮ್ ಎಂಬ ಮೂರನೆಯ ದಾರಿಯೂ ಇದೆ, ಅದನ್ನು ಕಡೆಗಣಿಸಬಾರದು. ನೀರಿನ ಕೆಲಸದವರ ಬಳಿ ಉಳಿದ 110 ಮಿ.ಮೀ. ಪಿವಿಸಿ ಪೈಪಿನಿಂದ ಎರಡು ಬೆರಳಗಲದ ಬಳೆ ಕೊಯ್ಸಿಕೊಂಡು, ಐಸ್‌ಕ್ರೀಮ್ ಕಡ್ಡಿಗಳನ್ನು ಹೊರಮೈಗೆ ಅಂಟಿಸಿ ಮೇಲೊಂದು ರಬ್ಬರ್ ಬ್ಯಾಂಡ್ ಬಿಗಿದರೆ ಎಳೆಗೂಸಿನ ಟೋಪಿಯ ಲೂಮ್ ಸಿದ್ಧ; 160 ಮಿ.ಮೀ. ಪೈಪಿನದ್ದು ಮಕ್ಕಳಿಗಾಗುತ್ತದೆ. ಗೂಟಗಳ ಅಂತರ ನಿಮ್ಮ ಕೈಯಲ್ಲೇ ಇರುವುದರಿಂದ ಹತ್ತಿರ ಹತ್ತಿರ ಕೂರಿಸಿ ಒಂಟಿ ದಾರದಲ್ಲೇ ಹೆಣೆಯಬಹುದು, ಕೊಂಡ ಲೂಮಿಗಿಲ್ಲದ ಅನುಕೂಲ ಇದು. ಹೂವಿನ ಲೂಮಿಗಂತೂ ದಪ್ಪ ರಟ್ಟಿನ ಬಿಲ್ಲೆಗೆ ಅಂಚಿನಲ್ಲಿ ಕಚ್ಚು ಹಾಕಿದರೂ ಸಾಕು. ಹಲಗೆಗೆ ಮೊಳೆ ಹೊಡೆದು ಮಾಡುವವರು ಕಬ್ಬಿಣದ ಮೊಳೆ ಬಳಸಬೇಡಿ. ನಾನು ಹಾಗೆ ಮಾಡಿದ ಹೂವಿನ ಲೂಮನ್ನು ಕಾರವಾರಕ್ಕೆ ಒಯ್ದು, ಅರ್ಧ ಸುತ್ತಿದ ಬಿಳಿ ಸೇವಂತಿಗೆಯನ್ನು ಒಂದು ವಾರ ಕಿಟಕಿಯ ಬಳಿ ಮರೆತಿದ್ದೆ. ಉಪ್ಪುಗಾಳಿಗೆ ಮೊಳೆಗಳು ತುಕ್ಕು ಹಿಡಿದು ಪ್ರತಿ ಎಸಳಿನ ತುದಿಯಲ್ಲೂ ಕೆಂಗಂದು ಚುಕ್ಕೆ ಮೂಡಿತ್ತು; ತೊಳೆದರೂ ಹೋಗಲಿಲ್ಲ. ಹಿತ್ತಾಳೆಯ ಮೊಳೆಗಳು ಸರಿ. ಹೂವಿನ ತೊಟ್ಟಿಗೆ ತಂತಿ ಬಳಸುವ ಕರಾವಳಿಯವರೂ ಇದನ್ನೇ ನೆನಪಿಡಬೇಕು.

ಮಾರಾಟದ ಆಸೆಯಿರುವವರಿಗೆ ನನ್ನ ಉತ್ತರ ಸ್ವಲ್ಪ ಕಠಿಣ. ಲೂಮಿನ ಟೋಪಿಯನ್ನು ಹೋಲುವ ಯಂತ್ರದ ಟೋಪಿ ರಸ್ತೆಬದಿಯಲ್ಲಿ ನಿಮ್ಮ ದಾರದ ಬೆಲೆಗೇ ಸಿಗುತ್ತದೆ. ಅದರೊಡನೆ ಹೋರಾಡುವುದು ವ್ಯರ್ಥ. ಕ್ರೋಶಾದ ಕುಣಿಕೆಯನ್ನು ಹಾಗೆಯೇ ಹೆಣೆಯುವ ಯಂತ್ರ ಮಾರುಕಟ್ಟೆಯಲ್ಲಿಲ್ಲ, ಕೈಕೆಲಸ ಕೈಕೆಲಸವಾಗಿಯೇ ಉಳಿದಿದೆ. 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಕ್ರೋಶಾ ಕಲಿತ ಆಂಧ್ರದ ನರಸಾಪುರದ ಹೆಂಗಸರ ಲೇಸು ಇಂದಿಗೂ ಹೊರದೇಶಗಳಿಗೆ ಹೋಗುತ್ತಿರುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯನ್ನು ನೆಚ್ಚಿ ಟೋಪಿ ಹೆಣೆದಿಡುವವರು ಒಂದನ್ನು ಯೋಚಿಸಬೇಕು: ಜಾತ್ರೆ ಬೀಳುವುದು ಫಾಲ್ಗುಣದಲ್ಲಿ, ಅಷ್ಟರಲ್ಲಿ ಚಳಿ ಹೋಗಿ ಬಿಸಿಲು ಚುರುಗುಟ್ಟುತ್ತಿರುತ್ತದೆ. ಜಡೆಯ ಹೂವು, ಬಾಗಿಲ ತೋರಣಗಳಿಗೆ ಆ ಕಷ್ಟವಿಲ್ಲ.

ಇವೆಲ್ಲವನ್ನೂ ಹೊಂದಿಸಿ ಹೇಳುವುದಾದರೆ, ಘಟ್ಟದ ಮೇಲಿದ್ದು ಈ ಚಳಿಗಾಲಕ್ಕೇ ಮನೆಮಂದಿಗೆಲ್ಲ ಟೋಪಿ ಬೇಕಾದವರು, ಬೆರಳು ಬಿರುಸಾದ ಹಿರಿಯರು, ಶಾಲೆಯ ಮಕ್ಕಳು ಲೂಮ್ ಹಿಡಿಯಲಿ. ಮಣಿಕಟ್ಟಿನ ನೋವಿರುವವರು ಮಾತ್ರ ಕೊಳ್ಳುವ ಮೊದಲು ಯಾರದಾದರೂ ಲೂಮಿನಲ್ಲಿ ನಾಲ್ಕು ಸುತ್ತು ಹಾಕಿ ನೋಡಲಿ, ಕುಣಿಕೆ ಎತ್ತುವಾಗಲೂ ಮಣಿಕಟ್ಟು ದುಡಿಯುತ್ತದೆ. ಕರಾವಳಿಯವರು, ಹೂವೇ ಮುಖ್ಯವೆನ್ನುವವರು, ಕೈಯಲ್ಲಿ ಇನ್ನೂರು ರೂಪಾಯಿ ಮಾತ್ರ ಇರುವವರು ಕ್ರೋಶಾ ಕಡ್ಡಿಯನ್ನೇ ಕೊಳ್ಳಲಿ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆ ಮೊದಲೇ ಬರುವವರಿಗೆ ಲೂಮ್ ಬೇಕಾಗಿಯೇ ಇಲ್ಲ, ಅದೇ ಬಟ್ಟೆಯನ್ನು ಅವರು ಇನ್ನೂ ನಯವಾಗಿ ಹೆಣೆಯಬಲ್ಲರು. ಹೂವಿಗಾಗಿ ಕ್ರೋಶಾ ಒಂದನ್ನು ಕಲಿತರಾಯಿತು. ನಾನು ಸ್ವತಃ ಟೋಪಿಯನ್ನು ಲೂಮಿನಲ್ಲೂ ಹೂವನ್ನು ಕಡ್ಡಿಯಲ್ಲೂ ಮಾಡುತ್ತೇನೆ.

ಹೀಗೆ ಎರಡನ್ನೂ ಕೂಡಿಸುವವರು ಹೂವನ್ನು ಟೋಪಿಗೆ ಬಿಗಿಯಾಗಿ ಹೊಲಿಯುವುದಕ್ಕಿಂತ, ಹೂವಿನ ಬೆನ್ನಿಗೊಂದು ಸರಪಳಿಯ ಕುಣಿಕೆ ಹೆಣೆದು, ಟೋಪಿಗೆ ಹೊಲಿದ ಗುಂಡಿಗೆ ಸಿಕ್ಕಿಸುವುದು ಮೇಲು: ಟೋಪಿ ಹಿಗ್ಗಿದರೂ ಹೂವು ಸೊಟ್ಟಗಾಗದು, ತೊಳೆಯುವಾಗ ತೆಗೆದಿಡಬಹುದು, ಹಬ್ಬಕ್ಕೆ ತಕ್ಕ ಬಣ್ಣದ್ದನ್ನು ಬದಲಿಸಬಹುದು. ಕುಂಚಿಗೆ ಕಟ್ಟುವ ವಯಸ್ಸಿನ ಕೂಸಿಗೆ ಮಾತ್ರ ಗುಂಡಿ, ಮಣಿ, ಬಿಡಿಹೂವು ಯಾವುದೂ ಬೇಡ. ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಆ ಟೋಪಿಗೆ ಚಪ್ಪಟೆಯಾದ ಚಿಕ್ಕ ಹೂವೊಂದನ್ನು ಅಂಚಿನ ಸುತ್ತಲೂ ಒತ್ತಾಗಿ ಹೊಲಿದು, ದಾರದ ತುದಿಯನ್ನು ಒಳಮಗ್ಗುಲಿನ ಹೆಣಿಗೆಯಲ್ಲಿ ನಾಲ್ಕು ಬೆರಳಷ್ಟು ನೇಯ್ದು ಕತ್ತರಿಸಬೇಕು.